ಕುಲುಮೆ ಸಿದ್ದಣ್ಣನನ್ನು ಬದುಕಿಸಿದ್ದು

ಹಿರಿಯರ ಹತ್ತಿರ ಸುಳ್ಳು ಹೇಳುವುದು ನನಗೆ ಚೆನ್ನಾಗಿ ರೂಢಿಯಾಗಿದೆ. ಊಟ ಮಾಡದೆ ‘ಆಯ್ತು’ ಅನ್ನುವುದು, ನಿದ್ದೆ ಎಳೆಯುತ್ತಿದ್ದರೂ ‘ಇಲ್ಲ, ಹೇಳಿ ಮಾವ’ ಅನ್ನುವುದು, ಇವೆಲ್ಲ ಸಂಸಾರದ ಸುಳ್ಳುಗಳು. ಹುಟ್ಟಿದ ದಿನವೇ ಸತ್ತು ಹೋಗುತ್ತವೆ, ಯಾರಿಗೂ ತೊಂದರೆಯಿಲ್ಲ. ಆದರೆ ಸತ್ತವನೊಬ್ಬನನ್ನು ಬದುಕಿದ್ದಾನೆ ಎಂದು ಮಾತ್ರ ಹೇಳಬಾರದು. ಅಂಥ ಸುಳ್ಳನ್ನು ದಿನವೂ ಅನ್ನ ಹಾಕಿ ಸಾಕಬೇಕಾಗುತ್ತದೆ. ನಾನು ಸಾಕಿದೆ. ಸತ್ತವನು ನಮ್ಮ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಕಂಪ್ಯೂಟರ್ ಆಟದೊಳಗಿನ ಒಬ್ಬ ಕಮ್ಮಾರ.

ಆಟವನ್ನು ತಂದವನು ನನ್ನ ಗಂಡ ರವಿ. ಒಂದು ವಾರ ಆಡಿ ಬೇಜಾರಾಗಿ ಬಿಟ್ಟ. ನಾನು ಹಿಡಿದುಕೊಂಡೆ. ಹಗಲೆಲ್ಲ ಜಿಗಣಿಯ ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಸಂಜೆ ಸಿಂಗಸಂದ್ರದ ಮನೆಗೆ ಬಂದರೆ ಒಂದು ರಾಜ್ಯಕ್ಕೆ ಸೇನಾನಾಯಕಿ. ದಾರಿಯಲ್ಲಿ ಸಿಕ್ಕವರು ಕಷ್ಟ ಹೇಳಿಕೊಳ್ಳುತ್ತಾರೆ. ಯಾರಿಗೆ ಸಹಾಯ, ಯಾರಿಗೆ ಶಿಕ್ಷೆ ಎಂದು ನಾವೇ ಆರಿಸಬೇಕು.

ಒಂದು ಸಂಜೆ ನನ್ನ ಬೆನ್ನ ಹಿಂದೆ ಬೆತ್ತದ ಕುರ್ಚಿ ಎಳೆದ ಸದ್ದಾಯಿತು. ಮಾವ. ಹಿಂದೆ ಈ ಊರಿನಲ್ಲಿ ಬದುವಿನ ಜಗಳ, ಅಣ್ಣತಮ್ಮಂದಿರ ಜಗಳ ಎಲ್ಲಕ್ಕೂ ಮಾವನದೇ ಪಂಚಾಯ್ತಿ. ಈಗ ರಾಗಿ ಹೊಲದ ಮೇಲೆ ನಮ್ಮ ಮೂರಂತಸ್ತಿನ ಮನೆ ಎದ್ದಿದೆ, ಮೇಲಿನೆರಡು ಅಂತಸ್ತಿನಲ್ಲಿ ಬಾಡಿಗೆಯವರಿದ್ದಾರೆ. ಅವರೂ ಜಗಳವಾಡುತ್ತಾರೆ, ಆದರೆ ಹಿಂದಿಯಲ್ಲಿ. ಮಾವನಿಗೆ ತೀರ್ಪು ಹೇಳಲು ಏನೂ ಉಳಿದಿರಲಿಲ್ಲ. ನಾನು ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತ ಹೋದೆ, ಅವರು ಪಂಚಾಯ್ತಿ ಶುರು ಮಾಡಿದರು. ಒಬ್ಬ ಕುರಿಗಳ್ಳ ಸಿಕ್ಕಿಬಿದ್ದಾಗ ನಾನು ಕೈಕೋಳ ಹಾಕಲು ಹೊರಟಿದ್ದೆ.

“ಬ್ಯಾಡ ಕಣವ್ವ, ಅವುನ್ ಮಖ ನೋಡು. ಹಸ್ದು ಕದ್ದವ್ನೆ. ಬುಟ್ಬುಡು” ಎಂದರು. ಬಿಟ್ಟೆ. ಅವನು ಕೃತಜ್ಞತೆಯಿಂದ ನಮ್ಮ ಸೈನ್ಯಕ್ಕೇ ಸೇರಿದ.

ಮಾವನಿಗೆ ಎಲ್ಲರಿಗಿಂತ ಹಿಡಿಸಿದವನು ಒಬ್ಬ ಮುದಿ ಕಮ್ಮಾರ. ದಣಿದು ಬಂದ ನಮಗೆ ಕೇಳದೆಯೇ ನೀರು ಕೊಟ್ಟಿದ್ದ. ಅದಕ್ಕೆ ಅವನಿಗೆ ‘ಕುಲುಮೆ ಸಿದ್ದಣ್ಣ’ ಎಂದು ಹೆಸರಿಟ್ಟರು. ಅವನ ಊರಿಗೆ ಹೋದಾಗಲೆಲ್ಲ “ಸಿದ್ದಣ್ಣನ್ನ ಮಾತಾಡ್ಸ್ಕೊಂಡ್ ಓಗವ್ವ” ಅನ್ನುತ್ತಿದ್ದರು. ನಾನು ಹೋಗಿ ಮಾತಾಡಿಸುತ್ತಿದ್ದೆ. ಅವನು ಪ್ರತಿಸಲ ಅದೇ ಎರಡು ಮಾತು ಆಡುತ್ತಿದ್ದ. ಮಾವನ ಗೆಳೆಯರೂ ಹಾಗೇ ಆದ್ದರಿಂದ ಅವರಿಗೆ ಅದು ಕೊರತೆ ಅನ್ನಿಸಲಿಲ್ಲ.

ಆಟ ಮುಗಿಯುವ ಹಂತಕ್ಕೆ ಬಂದಿತ್ತು. ಆ ಭಾನುವಾರ ಮೇಲಿನ ಮನೆಯ ನಲ್ಲಿ ಸೋರುತ್ತಿದೆ ಎಂದು ಮಾವ ನೋಡಲು ಹೋದರು. ಅಷ್ಟರಲ್ಲಿ ಶತ್ರುಗಳು ಬಂದು ಸಿದ್ದಣ್ಣನ ಊರಿಗೆ ಬೆಂಕಿ ಇಟ್ಟರು. ಅತ್ತ ಸೇತುವೆಯ ಮೇಲೆ ನಮ್ಮ ಸೈನಿಕರು ಸಿಕ್ಕಿಹಾಕಿಕೊಂಡಿದ್ದರು. ಸೇತುವೆಯೋ, ಊರೋ? ಕ್ಷಣಗಳಲ್ಲಿ ಹೇಳಬೇಕು. ನಾನು ಸೇತುವೆ ಅಂದೆ. ಸಿದ್ದಣ್ಣ ಕುಲುಮೆಯ ಜೊತೆಗೇ ಸುಟ್ಟುಹೋದ.

ಮಾವ ಕೈ ಒರೆಸಿಕೊಳ್ಳುತ್ತ ಬಂದರು. “ಸಿದ್ದಣ್ಣ ಎಲ್ಲವ್ನೆ?”

“ತಪ್ಪಿಸಿಕೊಂಡ ಮಾವ. ಬೇರೆ ಕಡೆ ಹೊರಟುಹೋದ” ಎಂದೆ. ಆಟ ಮುಗಿಯುತ್ತಾ ಬಂತಲ್ಲ, ಇನ್ನು ಯಾರು ಕೇಳುತ್ತಾರೆ ಎಂಬ ಧೈರ್ಯ.

ಎರಡು ವರ್ಷದ ಮೇಲೆ ಅದರ ಎರಡನೆಯ ಭಾಗ ಬಂತು. ಅದರ ವಿಶೇಷವೇನೆಂದರೆ, ಮೊದಲ ಆಟದಲ್ಲಿ ನಾವು ಉಳಿಸಿಟ್ಟ ಫೈಲನ್ನು ಇದಕ್ಕೆ ಕೊಟ್ಟರೆ, ಅಲ್ಲಿ ಬದುಕಿದ್ದವರೆಲ್ಲ ಇಲ್ಲಿಗೂ ಬರುತ್ತಾರೆ. ಮಾಡಿದ ಉಪಕಾರ, ಮಾಡಿದ ಅನ್ಯಾಯ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತಾರೆ. ಇದನ್ನು ಬಾಯ್ತಪ್ಪಿ ಮಾವನಿಗೆ ಹೇಳಿದವನು ರವಿ.

“ಅಂಗಾರೆ ಸಿದ್ದಣ್ಣ ಸಿಗ್ತಾನೆ ಅನ್ನು!” ಎಂದು ಮಾವ ಕುರ್ಚಿ ಎಳೆದು ಕೂತರು.

ಮೊದಲ ಸಂಜೆಯೇ ನಾವು ಕೈಕೋಳ ಹಾಕದೆ ಬಿಟ್ಟಿದ್ದ ಕುರಿಗಳ್ಳ ಬಂದ. ಈಗ ಅವನು ಮೀಸೆ ಬಿಟ್ಟ ದಫೇದಾರ, ಹಿಂದೆ ನೂರು ಜನ ಸೈನಿಕರು. ನಮಗೆ ತಲೆಬಾಗಿದ. “ನಾ ಅವತ್ತೇ ಏಳ್ಲಿಲ್ವಾ?” ಎಂದು ಮಾವ ರವಿಯನ್ನೂ ಕರೆದು ತೋರಿಸಿದರು. ಮೇಲಿನ ಮನೆಯ ಬಿಹಾರದ ದಂಪತಿಯನ್ನೂ ಕರೆದು ತೋರಿಸಿದರು.

ಹತ್ತು ಸಂಜೆ ಕಳೆದರೂ ಸಿದ್ದಣ್ಣ ಬರಲಿಲ್ಲ. “ದೊಡ್ಡ ರಾಜ್ಯ ಅಲ್ವಾ ಮಾವ” ಅನ್ನುತ್ತಿದ್ದೆ. ಹನ್ನೊಂದನೆಯ ಸಂಜೆ ಅವನ ಮಗಳು ಬಂದಳು. ಅಪ್ಪ ಬೆಂಕಿಯಲ್ಲಿ ಕೂಗುತ್ತಿದ್ದಾಗ ನೀನೆಲ್ಲಿದ್ದೆ ಎಂದು ನನ್ನನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತಳು.

“ಏನಂತೆ?” ಎಂದರು ಮಾವ.

“ಅಪ್ಪ ಚೆನ್ನಾಗಿದ್ದಾರೆ, ನಿಮ್ಮನ್ನ ಕೇಳ್ತಿದ್ರು ಅಂತಾಳೆ.”

“ಸಂದಾಗಿದ್ರೆ ಯಾಕವ್ವ ಅಳ್ತವ್ಳೆ?”

“ಸಂತೋಷಕ್ಕೆ ಮಾವ.”

ಮಾವ ಪರದೆಯನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎದ್ದು ಹೋದರು. ಆ ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು.

ಮುಂದಿನ ವಾರ ಅವರು ಆನೇಕಲ್ ಕಡೆ ಒಂದು ಮದುವೆಗೆಂದು ಮೂರು ದಿನ ಹೋದರು. ನಾನು ಕಾರ್ಖಾನೆಗೆ ಫೋನ್ ಮಾಡಿ ಜ್ವರ ಎಂದೆ. ನನ್ನ ಬಳಿ ಇದ್ದದ್ದು ಮೊದಲ ಆಟ ಮುಗಿದ ಮೇಲಿನ ಒಂದೇ ಫೈಲು. ಆದ್ದರಿಂದ ಇಡೀ ಆಟವನ್ನು ಮೊದಲಿನಿಂದ ಆಡಿದೆ. ಒಂದು ಕೈಯಲ್ಲಿ ಚಿತ್ರಾನ್ನ, ಒಂದು ಕೈಯಲ್ಲಿ ಮೌಸ್. ಯಾರ ಕಷ್ಟವನ್ನೂ ಪೂರ್ತಿ ಕೇಳಲಿಲ್ಲ. ಬೆಂಕಿ ಬಿದ್ದಾಗ ಊರಿಗೆ ಓಡಿ ಸಿದ್ದಣ್ಣನನ್ನು ಎಳೆದು ತಂದೆ. ಹಳೆಯ ಫೈಲಿನ ಮೇಲೇ ಹೊಸದನ್ನು ಉಳಿಸಿದೆ, ಸಾಕ್ಷಿ ಇರಬಾರದಲ್ಲ. ಎರಡನೆಯ ಭಾಗವನ್ನೂ ಹೊಸದಾಗಿ ಶುರು ಮಾಡಿ, ಸಿದ್ದಣ್ಣ ನಿಂತಿದ್ದ ಬಾಗಿಲ ತನಕ ತಂದು ನಿಲ್ಲಿಸಿದೆ. ನನ್ನ ವಿಭಾಗದಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಮೇಲಧಿಕಾರಿಗೆ ಬರೆದು ಕಳಿಸುತ್ತಿದ್ದೆ.

ಮದುವೆಯಿಂದ ಬಂದವರನ್ನು ಕಾಲು ತೊಳೆಯುವುದಕ್ಕೂ ಬಿಡದೆ ಕರೆದು ಕೂರಿಸಿದೆ. ಬಾಗಿಲು ತೆರೆಯಿತು. ಸಿದ್ದಣ್ಣ! ಬಗ್ಗಿದ್ದ, ಒಂದು ಕೈ ಸುಟ್ಟು ಸೊಟ್ಟಗಾಗಿತ್ತು, ಆದರೂ ಅವನೇ. ನಾನು ಗೆದ್ದವಳಂತೆ ಮಾವನ ಕಡೆ ತಿರುಗಿದೆ.

ಮಾವನ ಮುಖ ಅರಳಲಿಲ್ಲ. “ಅವುನ್ ಸತ್ತೋಗಿದ್ದ ಅಲ್ವೇನವ್ವ?” ಎಂದರು. “ಮಗ್ಳು ಅತ್ತಾಗ್ಲೇ ಗೊತ್ತಾಯ್ತು. ಭಾಷೆ ಬರ್ದೆ ಇದ್ರೂ ಅಳಾದು ತಿಳೀತದೆ. ನೀನೇ ಏಳ್ತೀಯ ಅಂತ ಕಾಯ್ತಿದ್ದೆ.”

ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೆಂಕಿ, ಸೇತುವೆ, ಜ್ವರದ ಸುಳ್ಳು, ಎಲ್ಲ. ಮಾವ ಪಂಚಾಯ್ತಿ ಕಟ್ಟೆಯ ಮೇಲೆ ಕೂತವರಂತೆ ನಿಧಾನವಾಗಿ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. “ಇವುನ್ ಬದುಕವ್ನೆ ಅಂದ್ರೆ, ಯಾರ್ ಸತ್ರು?”

ಸೇತುವೆಯ ಮೇಲಿದ್ದವರು. ಅವರಲ್ಲಿ ಆ ಕುರಿಗಳ್ಳನೂ ಇದ್ದ. ದಫೇದಾರ ಆಗುವ ಮೊದಲೇ ಹೊಳೆಗೆ ಬಿದ್ದಿದ್ದ.

ಮಾವ ಎರಡು ದಿನ ಕಂಪ್ಯೂಟರ್ ಕೋಣೆಗೆ ಬರಲಿಲ್ಲ. ನಾನೂ ಆಟ ತೆರೆಯಲಿಲ್ಲ. ರವಿ ಮಾತ್ರ, “ಅದು ಬರೀ ಆಟ ಅಲ್ವಾ” ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಇಬ್ಬರಿಂದಲೂ ಬೈಸಿಕೊಂಡ. ಮೂರನೆಯ ಸಂಜೆ ಮಾವ ಬಂದು, “ಏಳವ್ವ ಮ್ಯಾಕೆ” ಎಂದು ನನ್ನ ಜಾಗದಲ್ಲಿ ಕೂತು ಮೌಸ್ ಹಿಡಿದರು. “ಸಿದ್ದಣ್ಣ ಇರ್ಲಿ. ಆಗೋಗಿದ್ದು ಆಗೋಯ್ತು. ಇನ್ಮ್ಯಾಕೆ ನಾನ್ ಆಡ್ತೀನಿ, ನೀನು ಇಂದೆ ಕುಂತ್ಕೊಂಡು ಅವ್ರು ಏಳಿದ್ನ ಇದ್ದಂಗೇ ಏಳು.”

ಈಗ ಬೆತ್ತದ ಕುರ್ಚಿ ನನ್ನದು. ಮಾವ ತೀರ್ಪು ಕೊಡುವುದರಲ್ಲಿ ಗಟ್ಟಿಗರು, ದಾರಿ ಹುಡುಕುವುದರಲ್ಲಿ ಅಲ್ಲ. ನಿನ್ನೆ ಸೈನ್ಯವನ್ನು ಒಂದೇ ಬೆಟ್ಟದ ಸುತ್ತ ನಾಲ್ಕು ಸಲ ತಿರುಗಿಸಿದರು. ರೋಸಿಹೋದ ಸೈನಿಕನೊಬ್ಬ, ನಮ್ಮ ನಾಯಕನಷ್ಟು ದಡ್ಡ ಈ ರಾಜ್ಯದಲ್ಲೇ ಇಲ್ಲ ಎಂದು ಪಕ್ಕದವನಿಗೆ ಹೇಳಿದ.

“ಏನಂತವ್ನೆ?” ಎಂದರು ಮಾವ.

“ನಾಯಕರು ಸುತ್ತಮುತ್ತ ಚೆನ್ನಾಗಿ ಪರಿಶೀಲನೆ ಮಾಡ್ತಿದ್ದಾರೆ ಅಂತಾನೆ ಮಾವ” ಎಂದೆ.