ಮೂಗೆತ್ತಿ ಹಾರತಕ್ಕದ್ದು

ಹಾನುಬಾಳು ಸೀಮೆಯ ಕಾಫಿ ಬೆಳೆಗಾರರ ವೈಮಾನಿಕ ಔಷಧ ಸಿಂಪಡಣಾ ಸಮಿತಿಯು ೧೯೯೮ರ ಜನವರಿಯಲ್ಲಿ ಒಂದು ಹಳೆಯ ಸಣ್ಣ ವಿಮಾನವನ್ನು ತರಿಸಿತು. ಅದಕ್ಕೆ ಒಂದು ಎಂಜಿನ್, ಎರಡು ಆಸನ ಮತ್ತು ಹನ್ನೊಂದು ಉಪಸಮಿತಿಗಳಿದ್ದವು. ಹಾರಿಸಲು ಮಾತ್ರ ಒಬ್ಬರೇ: ವಾಯುಪಡೆಯಿಂದ ನಿವೃತ್ತರಾಗಿದ್ದ ಆಲೂರಿನ ದಾಸಯ್ಯ.

ಪರೀಕ್ಷಾ ಹಾರಾಟದ ದಿನ ಹೆಗ್ಗದ್ದೆ ಕಡೆಯ ಗುಡ್ಡ ಏರುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ದಾಸಯ್ಯನವರು ವಿಮಾನದ ಮೂಗು ತಗ್ಗಿಸಿ, ವೇಗ ಹೆಚ್ಚಿಸಿ, ಪೆಟ್ರೋಲನ್ನು ಸ್ವಲ್ಪ ಧಾರಾಳವಾಗಿ ಬಿಟ್ಟು, ಎಂಜಿನ್ನಿನ ಗಾಳಿಕಿಂಡಿ ತೆರೆದು ಕ್ಷೇಮವಾಗಿ ಇಳಿದರು. ವರದಿಯನ್ನೂ ಬರೆದರು: ‘ಇದು ಗಾಳಿಯಿಂದ ತಣಿಯುವ ಎಂಜಿನ್. ಕಡಿದಾಗಿ ಏರಿದರೆ ವೇಗ ಕುಗ್ಗಿ ಗಾಳಿ ಸಾಲದು. ಆಲೂರು ಬಯಲಿನ ಮೇಲೆ ಎರಡು ಸುತ್ತು ಹಾಕಿ ನಿಧಾನವಾಗಿ ಏರಬೇಕು.’

ಮುನ್ನೂರು ಎಕರೆ ಎಸ್ಟೇಟಿನ ಮಾಲೀಕರೂ ಸಮಿತಿಯ ಅಧ್ಯಕ್ಷರೂ ಆದ ಪರಮಶಿವಯ್ಯನವರು ವರದಿ ಓದಿ ನೊಂದುಕೊಂಡರು.

“ಅಲ್ಲ ಕ್ಯಾಪ್ಟನ್ರೇ, ಉದ್ಘಾಟನೆ ದಿನ ಊರೋರೆಲ್ಲ ನೋಡ್ತಿರ್ತಾರೆ. ನಮ್ಮ ವಿಮಾನ ತಲೆ ತಗ್ಗಿಸ್ಕೊಂಡು ಹೋದ್ರೆ ಏನು ಮರ್ಯಾದೆ ಐತೆ?”

“ಮೂಗೆತ್ತಿದ್ರೆ ಎಂಜಿನ್ ಬೆಂದು ಹೋಗುತ್ತೆ, ಸಾರ್.”

“ಅದಕ್ಕೊಂದು ಠರಾವು ಮಾಡಾಣ ಬಿಡಿ.”

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು: ‘ಗಣ್ಯರ ಸಮ್ಮುಖದಲ್ಲಿ ವಿಮಾನವು ಮೂಗೆತ್ತಿಯೇ ಹಾರತಕ್ಕದ್ದು. ಸಮಿತಿಯ ಪೂರ್ವಾನುಮತಿಯಿಲ್ಲದೆ ಎಂಜಿನ್ನಿನ ಉಷ್ಣತೆಯು ಏರಕೂಡದು. ಕೆಂಪು ಗೆರೆಯು ಅನವಶ್ಯಕ ಭೀತಿ ಹುಟ್ಟಿಸುವುದರಿಂದ ಅದಕ್ಕೆ ಹಸಿರು ಬಣ್ಣ ಬಳಿಯತಕ್ಕದ್ದು.’ ಎಸ್ಟೇಟ್ ಗೇಟಿಗೆ ಬಳಿದು ಉಳಿದಿದ್ದ ಬಣ್ಣ ಇದಕ್ಕೆ ಸಾಕಾಯಿತು. ದಾಸಯ್ಯನವರು ಒಂಬತ್ತು ವರ್ಷ ನೆಲದ ಮೇಲೇ ಕೂತಿದ್ದವರು. ಮತ್ತೆ ಹಾರುವ ಆಸೆಗೆ ಅವರೂ ಸಹಿ ಹಾಕಿದರು.

ಉದ್ಘಾಟನೆಯ ದಿನ ಪಕ್ಕದ ಆಸನದಲ್ಲಿ ಅಧ್ಯಕ್ಷರೇ ಕೂತರು. ತಮ್ಮ ಎಸ್ಟೇಟಿನ ಮೇಲೆ ಮೂರು ಸುತ್ತು, ಏರುತ್ತಲೇ ಹಾಕಬೇಕೆಂದು ಅಪ್ಪಣೆಯಾಯಿತು. ಎರಡನೇ ಸುತ್ತಿಗೆ ಸುಟ್ಟ ಎಣ್ಣೆಯ ವಾಸನೆ ಬಂತು.

“ಸಾರ್, ಮೂಗು ತಗ್ಗಿಸ್ತೀನಿ.”

“ತಡೀರಿ ಮಾರಾಯ್ರೆ, ಕಾಫಿ ಸ್ಟೋರ್ ಹತ್ರ ನಮ್ಮನೇರು ನಿಂತವ್ರೆ! ಮುಳ್ಳು ಹಸಿರಲ್ಲೇ ಐತಲ್ಲ!”

ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಮೂಗು ತಾನಾಗಿಯೇ ತಗ್ಗಿತು. ಅಧ್ಯಕ್ಷರು ಪೈಲಟ್ಟರ ತೋಳು ಹಿಡಿದು ಮನೆದೇವರನ್ನು ಕೂಗತೊಡಗಿದರು. ದಾಸಯ್ಯನವರು, “ತೋಳು ಬಿಡಿ ಸಾರ್, ಬದುಕ್ಬೇಕು,” ಎಂದರು. ಕೊಯ್ಲಾದ ಗದ್ದೆಯೊಂದು ಕಂಡಿತು. ವಿಮಾನ ಎರಡು ಬದು ಹಾರಿ, ಒಂದು ಚಕ್ರ ಕಳಚಿಕೊಂಡು ನಿಂತಿತು.

ಗದ್ದೆಯ ಒಡತಿ ಸರೋಜಮ್ಮ ಕುಡುಗೋಲು ಹಿಡಿದೇ ಓಡಿಬಂದರು. “ಜೀವ ಐತೇನ್ರಪ್ಪಾ?” ಎಂದು ನೀರು ಕೊಟ್ಟರು. ಹೊಗೆಯಾಡುತ್ತಿದ್ದ ಎಂಜಿನ್ ನೋಡಿ, “ಬಿಸಿ ಆಗ್ತೈತೆ ಅಂತ ಗೊತ್ತಿರ್ಲಿಲ್ವಾ?” ಎಂದು ಕೇಳಿದರು.

“ಗೊತ್ತಿತ್ತು ಕಣಮ್ಮ,” ಎಂದರು ದಾಸಯ್ಯ. “ಸಹಿನೂ ಹಾಕಿದ್ದೆ.”

ಪರಮಶಿವಯ್ಯನವರ ಅಧ್ಯಕ್ಷತೆಯಲ್ಲೇ ವಿಚಾರಣೆ ನಡೆಯಿತು. ಮುಳ್ಳು ಹಸಿರಿನಲ್ಲೇ ಇದ್ದುದರಿಂದ ಎಂಜಿನ್ ಬಿಸಿಯಾಗಿರಲಿಲ್ಲವೆಂದೂ, ವಿಮಾನ ಇಳಿದ ಜಾಗವೇ ವಿಮಾನ ನಿಲ್ದಾಣವೆಂದೂ ತೀರ್ಮಾನವಾಯಿತು. ವಿಮಾನ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಭತ್ತ ಬೆಳೆದುದಕ್ಕೆ ಸರೋಜಮ್ಮನವರಿಗೆ ನೋಟಿಸ್ ಹೋಯಿತು. “ನಾನೇನು ಮಾಡ್ಲಿ? ಬಂದು ಕೂತಿದ್ದು ಅದು,” ಎಂಬ ಅವರ ಉತ್ತರವನ್ನು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಂಡು ಕ್ಷಮಿಸಲಾಯಿತು. ದಾಸಯ್ಯನವರನ್ನು ಸ್ಥಿರ ಪೈಲಟ್ ಆಗಿ ನೇಮಿಸಲಾಯಿತು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಗದ್ದೆಯಲ್ಲೇ ಉಳಿದ ವಿಮಾನದಲ್ಲಿ ಕೂತು, ಗಂಟೆಗೊಮ್ಮೆ ‘ಎಂಜಿನ್ ತಣ್ಣಗಿದೆ’ ಎಂದು ಬರೆಯುವುದು ಅವರ ಕೆಲಸ. ಮೊದಲ ವಾರ ಅವರು ನಾಚಿಕೆಯಿಂದ ಟೋಪಿ ಹಾಕಿಕೊಳ್ಳಲಿಲ್ಲ. ಆಮೇಲೆ ಬಿಸಿಲು ಹೆಚ್ಚಾಯಿತು, ಹಾಕಿಕೊಂಡರು.

ಮಳೆ ಹಿಡಿದ ಮೇಲೆ ಸರೋಜಮ್ಮ ರೆಕ್ಕೆ ತಪ್ಪಿಸಿ ಸುತ್ತಲೂ ನಾಟಿ ಮಾಡಿದರು. ಸಕಲೇಶಪುರದ ಬಸ್ಸು ಈಗ ಆ ತಿರುವಿನಲ್ಲಿ ನಿಲ್ಲುತ್ತದೆ. “ಏರ್‌ಪೋರ್ಟ್‌ನೋರು ಇಳ್ಕೊಳ್ರೀ!” ಎಂದು ಕಂಡಕ್ಟರ್ ಕೂಗುತ್ತಾನೆ. ನಾಟಿ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಾರೆ. ಅವರ ಹಿಂದೆ, ಪ್ಯಾಂಟು ಮಡಚಿ, ಚಪ್ಪಲಿ ಕೈಲಿ ಹಿಡಿದು ಕ್ಯಾಪ್ಟನ್ ದಾಸಯ್ಯನವರು ಕೆಸರಿಗೆ ಇಳಿಯುತ್ತಾರೆ.