ಕಡಲಾಚೆ ಗೋಲು ಕಾದದ್ದು

ಗೋಲ್‌ಕೀಪರ್ ಹಿಡಿದ ಚೆಂಡು ಯಾರಿಗೂ ನೆನಪಿರುವುದಿಲ್ಲ, ಬಿಟ್ಟದ್ದನ್ನು ಯಾರೂ ಮರೆಯುವುದಿಲ್ಲ. ಐವತ್ತರ ದಶಕದಲ್ಲಿ ಕರೆದ ಊರಿಗೆಲ್ಲ ಹೋಗಿ ಗೋಲು ಕಾದವನು ನಾನು. ಹೋದಲ್ಲೆಲ್ಲ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇತ್ತು.

ಹೊರಟದ್ದು

ಕೊಲಂಬೊದ ಒಂದು ಕ್ಲಬ್ಬು ಕರೆಸಿಕೊಂಡಾಗ ನಾವು ಹೊಸದಾಗಿ ಏಳುತ್ತಿದ್ದ ರಾಜಾಜಿನಗರದಲ್ಲಿದ್ದೆವು. ಅಲ್ಲಿ ಏನು ಕೆಲಸ ಅಂತ ಪಕ್ಕದ ಮನೆಯ ಹಿರಿಯರು ಕೇಳಿದ್ದಕ್ಕೆ ಅಮ್ಮ ಹೆಮ್ಮೆಯಿಂದ, ಗೋಲು ಕಾಯೋದು ಅಂದಳು. ಗೋಲು ಅವರಿಗೆ ತಿಳಿಯಲಿಲ್ಲ, ಕಾಯೋದು ತಿಳಿಯಿತು. ಸಂಜೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಫ್ಯಾಕ್ಟರಿ ಗೇಟ್ ಕಾಯೋಕೆ ಇಲ್ಲೇ ಜನ ಬೇಕಂತೆ ಕಣಪ್ಪ. ಅದಕ್ಕೆ ಕಡಲು ದಾಟ್ಬೇಕಾ?"

ಬೂಟು

ನಮ್ಮ ಕಡೆ ಬರಿಗಾಲಲ್ಲೇ ಆಡುತ್ತಿದ್ದೆವು. ಕೊಲಂಬೊದಲ್ಲಿ ಬೂಟು ಕೊಟ್ಟರು, ನನ್ನ ಕಾಲಿಗಿಂತ ದೊಡ್ಡದು. ಮೊದಲ ಮ್ಯಾಚಿನಲ್ಲಿ ಚೆಂಡನ್ನು ಜೋರಾಗಿ ಒದ್ದೆ. ಬೂಟು ಮೈದಾನದ ನಡುವಿಗೆ ಹಾರಿತು. ಚೆಂಡು ಉರುಳಿಕೊಂಡು ಎದುರಾಳಿಯ ಕಾಲ ಬುಡಕ್ಕೆ ಹೋಯಿತು. ಅವನು ಸುಮ್ಮನೆ ತಳ್ಳಿದ್ದರೂ ಗೋಲು. ಆದರೆ ಹಾರಿದ ಬೂಟು ನೋಡಿ ನಗು ತಡೆಯಲಾಗದೆ ಹೊರಗೆ ಒದ್ದ. ಇನ್ನು ನನ್ನನ್ನು ಮನೆಗೆ ಕಳಿಸುತ್ತಾರೆ ಅಂದುಕೊಂಡೆ. ಮ್ಯಾನೇಜರು ಬೆನ್ನು ತಟ್ಟಿ, ಮುಂದಿನ ಮ್ಯಾಚಿಗೂ ಲೇಸು ಸಡಿಲವಾಗಿಯೇ ಇರಲಿ ಅಂದರು.

ರಂಗೂನಿನಲ್ಲಿ ಕನ್ನಡ

ಅಲ್ಲಿಂದ ರಂಗೂನು. ನನ್ನ ಮುಂದೆ ಆಡುತ್ತಿದ್ದ ಬರ್ಮಾದ ಡಿಫೆಂಡರಿಗೆ ನನ್ನ ಭಾಷೆ ಬಾರದು, ನನಗೆ ಅವನದು. ಚೆಂಡನ್ನು ನನಗೆ ಬಿಡಲಿ ಅಂತ "ಬಿಡು" ಅನ್ನುವ ಒಂದು ಪದ ಕಲಿಸಿದೆ. ಅದು ಹುರಿದುಂಬಿಸುವ ಮಾತು ಅಂತ ಅವನು ತಿಳಿದುಕೊಂಡ. ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಾಗ ನನ್ನ ಕಡೆ ನೋಡಿ, "ಬಿಡು, ಬಿಡು" ಅಂತ ಕೂಗತೊಡಗಿದ. ಪರದೇಶದಲ್ಲಿ ಅಷ್ಟು ಪ್ರೀತಿಯಿಂದ ಕನ್ನಡದಲ್ಲಿ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಬಿಟ್ಟೆ.

ಅಪ್ಪನ ಮ್ಯಾಚು

ಊರಿಗೆ ಮರಳಿದ ಮೇಲೆ ಮಾಗಡಿ ರಸ್ತೆಯ ಬಯಲಲ್ಲಿ ನಮ್ಮ ಬಡಾವಣೆಯ ತಂಡಕ್ಕೆ ಆಡಿದೆ. ಫಾರಿನ್ನಲ್ಲಿ ಆಡಿ ಬಂದವನು ಅಂತ ಜನವೋ ಜನ. ಎಂದೂ ಮ್ಯಾಚು ನೋಡದ ಅಪ್ಪನೂ ಬಂದು, ಬಿಸಿಲಿಗೆ ಕೊಡೆ ಹಿಡಿದು ನನ್ನ ಗೋಲಿನ ಹಿಂದೆಯೇ ನಿಂತರು. ಗೋಲಿಗೆ ಬಲೆ ಇರಲಿಲ್ಲ. ಕೊನೆಗಳಿಗೆಯಲ್ಲಿ ಒಂದು ಚೆಂಡು ನನ್ನನ್ನು ದಾಟಿತು. ಅದು ಗೆರೆ ಮುಟ್ಟುವ ಮೊದಲೇ ಅಪ್ಪ ಒಳಗೆ ಬಂದು ಕೊಡೆಯಿಂದ ಬಡಿದು ಆಚೆ ಅಟ್ಟಿದರು. ರೆಫರಿ ಓಡಿಬಂದು ಗದರಿದರೆ ಅಪ್ಪ ಶಾಂತವಾಗಿ ಕೇಳಿದರು: "ಅಷ್ಟು ಜನ ಸೇರ್ಕೊಂಡು ನನ್ನ ಮಗನ ಮೇಲೆ ಬೀಳ್ತಿದಾರೆ. ನೋಡ್ಕೊಂಡು ನಿಂತ್ಕೊಳ್ಳೋಕಾಗುತ್ತಾ, ಸ್ವಾಮಿ?"

ಹೊರಗಿನವರು ತಡೆದದ್ದರಿಂದ ಗೋಲು ಕೊಡಲಾಗಲಿಲ್ಲ. ಮ್ಯಾಚು ಸಮವಾಯಿತು, ನಮ್ಮ ತಂಡದ ಮಾನ ಉಳಿಯಿತು.

ಮಾರನೆಯ ಬೆಳಗ್ಗೆ ನಮ್ಮ ಕ್ಯಾಪ್ಟನ್ ಮನೆಗೆ ಬಂದ. ಮುಂದಿನ ಮ್ಯಾಚಿಗೆ ನನ್ನನ್ನು ಕರೆಯಲು ಬಂದಿರಬೇಕು ಅಂತ, ಅವನು ಬಾಯಿ ತೆರೆಯುವ ಮೊದಲೇ ನಾನು ಬರ್ತೀನಿ ಅಂದೆ. ಅವನು ತಲೆ ಕೆರೆದುಕೊಂಡ.

"ತಂದೆಯವ್ರು ಇದಾರಾ? ಹೊಸ ಕೊಡೆ ಬೇಕಾದ್ರೆ ನಾವೇ ಕೊಡಿಸ್ತೀವಿ."