ಸಾಸಿವೆ ಡಬ್ಬಿಯ ಊರು

ನಮ್ಮ ಕಡೆಯವರು ಎಲ್ಲಿಗಾದರೂ ಹೊರಟರೆ ನೆಟ್ಟಗೆ ಹೊರಟಿದ್ದು ನಾನಂತೂ ಕಂಡಿಲ್ಲ. ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಟಿಕೆಟ್ ಬುಕ್ಕಿಂಗ್ ಅಂಗಡಿ ಇಟ್ಟಿದೀನಿ. ರೈಲು, ಬಸ್ಸು, ವಿಮಾನ ಎಲ್ಲಕ್ಕೂ ಟಿಕೆಟ್ ಮಾಡ್ತೀನಿ. ವಿಮಾನದಲ್ಲಿ ಡ್ರೈವರ್ ಹಿಂದಿನ ಸೀಟೇ ಕೊಡು, ಅಲ್ಲಿ ಕುಲುಕಲ್ಲ ಅಂದವರು ಬಂದಿದ್ದಾರೆ. ಮೋಡದ ಮೇಲೆ ಹೋಗೋದಾದರೆ ಕೊಡೆ ಬ್ಯಾಡ ಅಲ್ವಾ ಅಂತ ಕೇಳಿದವರೂ ಬಂದಿದ್ದಾರೆ. ಗಿರಾಕಿ ಮುಂದೆ ನಗಬಾರದು ಅನ್ನೋದು ನನ್ನ ನೇಮ. ನಗು ತಡೀಲಿಲ್ಲ ಅಂದರೆ ಪ್ರಿಂಟರ್ ಕಡೆ ತಿರುಗಿ ನಿಂತ್ಕೋತೀನಿ. ಆದರೆ ಎಲ್ಲಕ್ಕಿಂತ ಹೆಚ್ಚು ಸಲ ನಾನು ಪ್ರಿಂಟರ್ ಕಡೆ ತಿರುಗಿದ್ದು ನಮ್ಮ ಸ್ವಂತ ಅಕ್ಕ-ಭಾವನ ಪ್ರಯಾಣದಲ್ಲಿ. ಪ್ರತಿ ಸಲವೂ ನಗೋದಕ್ಕೇ ತಿರುಗಿದ್ದು ಅಂತ ಹೇಳಲಾರೆ.

ಯಾವ ಊರಿಗೆ?

ಭಾವನದು ನೊಣವಿನಕೆರೆ. ತೆಂಗಿನ ತೋಟ, ಕೊಬ್ಬರಿ, ಇಷ್ಟೇ ಅವರ ಪ್ರಪಂಚ. ಒಂದು ಮಧ್ಯಾಹ್ನ ಅಕ್ಕನ ಜೊತೆ ಅಂಗಡಿಗೆ ಬಂದರು. ಅಕ್ಕನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿ ನನ್ನ ಟೇಬಲ್ ಮೇಲಿಟ್ಟಳು. ಹಳೇ ಬಿಸ್ಕತ್ತಿನ ಡಬ್ಬಿ. ಅವರ ಮದುವೇಲಿ ಯಾರೋ ಫಾರಿನ್ನಿಂದ ಬಂದವರು ಉಡುಗೊರೆ ಕೊಟ್ಟಿದ್ದು. ಬಿಸ್ಕತ್ತು ಆ ವಾರವೇ ಖಾಲಿಯಾಗಿ, ಅವತ್ತಿನಿಂದ ಅದು ಅಕ್ಕನ ಅಡುಗೆಮನೆ ಗೂಡಿನಲ್ಲಿ ಸಾಸಿವೆ ಡಬ್ಬಿ.

"ಈ ಊರಿಗೆ ಟಿಕೆಟ್ ಮಾಡು, ನಿನಗೂ ಸೇರಿಸಿ" ಅಂದರು ಭಾವ.

ಮುಚ್ಚಳದ ಮೇಲೆ ಒಂದು ಚಿತ್ರ. ಹೊಳೆ, ಹೊಳೆಗೆ ಅಡ್ಡಲಾಗಿ ಕಲ್ಲಿನ ಸೇತುವೆ, ಸೇತುವೆ ಉದ್ದಕ್ಕೂ ಸಾಲಾಗಿ ವಿಗ್ರಹಗಳು, ಆಚೆ ಗುಡ್ಡದ ಮೇಲೆ ಕೋಟೆ. ಊರಿನ ಹೆಸರಿದ್ದ ಜಾಗ ತುಕ್ಕು ತಿಂದಿತ್ತು.

"ಊರಿನ ಹೆಸರೇ ಗೊತ್ತಿಲ್ದೆ ಹೆಂಗೆ ಭಾವ ಟಿಕೆಟ್ ಮಾಡ್ಲಿ?"

"ಅದಕ್ಕೇ ತಾನೇ ನೀನಿರೋದು?"

ಅಂಗಡಿಯಲ್ಲಿ ಅರಸೀಕೆರೆ ರೈಲಿಗೆ ಕಾಯ್ತಾ ಕೂತಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಡಬ್ಬಿ ಇಸ್ಕೊಂಡು ನೋಡಿ, "ಇದು ಶ್ರೀರಂಗಪಟ್ಟಣದ ಹಳೇ ಸೇತುವೆ ಕಣ್ರೀ. ಬಣ್ಣ ಹೊಡೆಸಿ ಫೋಟೋ ತೆಗೆದವ್ರೆ ಅಷ್ಟೇ" ಅಂತ ತೀರ್ಪು ಕೊಟ್ಟರು. ನಾನು ಪ್ರಿಂಟರ್ ಕಡೆ ತಿರುಗಿದೆ.

ಆಗ ಅಕ್ಕ ಮೆಲ್ಲಗೆ ವಿಷಯ ಹೇಳಿದಳು. ಭಾವನ ಕಣ್ಣಿನ ನರ ಒಣಗ್ತಾ ಇದೆಯಂತೆ. ಸುತ್ತಲಿಂದ ಕತ್ತಲೆ ಕವೀತಾ ಬಂದು, ನಡುವೆ ಒಂದು ಬಿಲ್ಲೆಯಷ್ಟು ಬೆಳಕು ಉಳಿದಿದೆಯಂತೆ. "ಹೋಗಿದ್ದು ಬರಲ್ಲ, ಉಳಿದಿದ್ದು ಎಲ್ಲಿವರೆಗೆ ಅಂತ ಹೇಳೋಕಾಗಲ್ಲ. ಒಂದಿನ ಎಲ್ಲಾ ಮಂಜು ಮುಸುಕಿದ ಹಾಗೆ ಕಂಡರೆ ತಕ್ಷಣ ಬನ್ನಿ" ಅಂದಿದ್ದಾರಂತೆ ಡಾಕ್ಟರು. ಅವತ್ತಿನಿಂದ ಭಾವ ಬೆಳಿಗ್ಗೆ ಎದ್ದವರೇ ಮೊದಲು ಅಡುಗೆಮನೆ ಗೂಡು ನೋಡ್ತಾರಂತೆ. ಡಬ್ಬಿ ಕಂಡರೆ ಕಾಫಿ ಕೇಳ್ತಾರಂತೆ.

"ಇಷ್ಟು ವರ್ಷ ಚಿತ್ರದಲ್ಲಿ ನೋಡಿದೀನಿ ಕಣಪ್ಪ. ಕಣ್ಣು ಹೋಗೋದ್ರೊಳಗೆ ಒಂದ್ಸಲ ಆ ಸೇತುವೆ ಮೇಲೆ ನಿಂತ್ಕಂಡು ನೋಡಬೇಕು" ಅಂದರು ಭಾವ.

ನಾನು ಮತ್ತೆ ಪ್ರಿಂಟರ್ ಕಡೆ ತಿರುಗಿದೆ. ಈ ಸಲ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಮೇಲೆ ಮುಚ್ಚಳದ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿತು. ಪ್ರಾಗ್ ಅಂತ ಊರು, ಜೆಕ್ ದೇಶದ ರಾಜಧಾನಿ. ನೂರಾರು ವರ್ಷದ ಹಳೇ ಸೇತುವೆ.

ಅಕ್ಕ ಡಬ್ಬೀನ ಮತ್ತೆ ಪೇಪರಿನಲ್ಲಿ ಸುತ್ತುತ್ತಾ, "ನೋಡ್ದಾ, ದಿನಾ ಒಗ್ಗರಣೆಗೆ ರಾಜಧಾನಿ ಬಾಗಿಲು ತೆಗೀತಿದ್ದೆ, ಗೊತ್ತೇ ಇರಲಿಲ್ಲ" ಅಂದಳು.

ತಾರೀಕು ಕೊಟ್ಟಿದ್ದು ತೆಂಗಿನಕಾಯಿ

"ಮೇ ತಿಂಗಳಲ್ಲಿ ಹೋಗೋಣ. ಅಲ್ಲಿ ಒಳ್ಳೇ ಬಿಸಿಲು, ಎಲ್ಲಾ ನಿಚ್ಚಳವಾಗಿ ಕಾಣ್ತದೆ" ಅಂದೆ.

ಭಾವ ಒಪ್ಪಲಿಲ್ಲ. "ಅಟ್ಟದಲ್ಲಿ ಕಾಯಿ ಕೂತವೆ. ಒಡೆಸದೆ ಎಲ್ಲಿಗೆ ಬರಲಿ?"

ನಮ್ಮ ಕಡೆ ಕೊಬ್ಬರಿ ಮಾಡೋದು ಬಿಸಿಲಿಗೆ ಒಣಗಿಸಿ ಅಲ್ಲ. ಬಲಿತ ಕಾಯಿ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಕ್ ಲೊಡಕ್ ಅನ್ನಬೇಕು. ಅವಸರಪಟ್ಟು ಒಡೆದರೆ ಕೆಟ್ಟಿತು.

ನನ್ನನ್ನ ಊರಿಗೆ ಕರ್ಕೊಂಡು ಹೋಗಿ ಅಟ್ಟಕ್ಕೆ ಹತ್ತಿಸಿದರು. ಮೆಟ್ಟಿಲು ಹತ್ತುವಾಗ ಕಾಲಿನಿಂದ ತಡಕುತ್ತಿದ್ದ ಮನುಷ್ಯ, ಅಟ್ಟದ ಮೇಲೆ ಕೂತ ತಕ್ಷಣ ಬೇರೆಯವರೇ ಆಗಿಬಿಟ್ಟರು. ಒಂದೊಂದೇ ಕಾಯಿ ಕಿವಿಗೆ ಹಿಡಿದು, "ಇದು ಇನ್ನೂ ನೀರಿಟ್ಕಂಡೈತೆ. ಇದು ದಸರಾಕ್ಕೆ. ಇದು ದೀಪಾವಳಿ ಕಳೀಬೇಕು" ಅಂತ ಪಕ್ಕಕ್ಕಿಡುತ್ತಾ ಹೋದರು.

"ಭಾವ, ಕೊಬ್ಬರಿ ಮುಂದಿನ ವರ್ಷಾನೂ ಆಗ್ತದೆ. ಕಣ್ಣು?" ಅಂದೇಬಿಟ್ಟೆ.

ಕೈಲಿದ್ದ ಕಾಯಿ ಕೆಳಗಿಟ್ಟರು. "ಅದಕ್ಕೇ ಕಣಪ್ಪ. ಮುಂದಿನ ವರ್ಷ ಇದೂ ಕಾಣಲ್ಲ. ಒಡೆದಾಗ ಒಳಗೆ ಬೆಳ್ಳಗೆ ಇರ್ತದಲ್ಲ, ಅದನ್ನೂ ಒಂದ್ಸಲ ನೋಡಿಬುಡ್ತೀನಿ."

"ದೀಪಾವಳಿ ಕಳೆದ ಮೇಲೆ ಅಲ್ಲಿ ಮಂಜು ಕವೀತದಂತೆ" ಅಂತ ಒಂದು ಮಾತು ಮಾತ್ರ ಎಚ್ಚರಿಸಿದೆ.

"ಮಂಜು ನಮಗೇನು ಹೊಸದಾ? ಮಾಗೀಲಿ ನಮ್ಮ ಕೆರೆ ಏರಿ ಮೇಲೆ ಬಂದು ನೋಡು" ಅಂದರು.

ಹಂಗಾಗಿ ಹೊರಡೋದು ದೀಪಾವಳಿ ಆದಮೇಲೆ ಅಂತ ನಿಕ್ಕಿಯಾಯಿತು. ಪಂಚಾಂಗ ನೋಡಿ ತಾರೀಕು ಹೇಳೋ ಗಿರಾಕಿಗಳು ನನಗೆ ಹೊಸಬರಲ್ಲ. ತೆಂಗಿನಕಾಯಿ ಅಲ್ಲಾಡಿಸಿ ವಿಮಾನದ ತಾರೀಕು ಹೇಳಿದವರು ಇವರೊಬ್ಬರೇ.

ಕೌಂಟರಿನಲ್ಲಿ ಒಗ್ಗರಣೆ

ವೀಸಾಕ್ಕೆ ಬೆಂಗಳೂರಿಗೆ ಹೋದೆವು. ಕಾಗದಪತ್ರ ಎಲ್ಲಾ ನಾನೇ ಜೋಡಿಸಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ, ಯಾಕೆ ಹೋಗ್ತಿದೀರಿ ಅಂತ ಕೇಳಿದಳು. ನಾನು ಅದನ್ನ ಭಾವನಿಗೆ ಕನ್ನಡದಲ್ಲಿ ಹೇಳಿದೆ.

ಭಾವ ಗಂಟಲು ಸರಿಮಾಡಿಕೊಂಡರು. ಮದುವೆ, ಉಡುಗೊರೆ, ಬಿಸ್ಕತ್ತು, ಗೂಡು, ಡಾಕ್ಟರು, ಎಲ್ಲಾ ಬಂತು. ನಡುವೆ ತೋಟಕ್ಕೆ ಬಿದ್ದ ನುಸಿರೋಗವೂ ಒಂದು ಸಲ ಬಂದು ಹೋಯಿತು. ಹಿಂದೆ ಸಾಲು ಬೆಳೀತಿತ್ತು. ಅವರು ನಿಲ್ಲಿಸಿದ ಮೇಲೆ ನಾನು ಹುಡುಗಿಗೆ, "ಟೂರಿಸಂ" ಅಂದೆ.

ಭಾವ ನನ್ನ ಕಡೆ ತಿರುಗಿದರು. "ನಾನು ಅಷ್ಟೊತ್ತು ಹೇಳಿದ್ದು ಆ ಮಗೂಗೆ ಪೂರ್ತಿ ಹೇಳಿದೆಯೇನಯ್ಯಾ?"

"ಹೇಳಿದೆ ಭಾವ."

"ಕಣ್ಣಿಂದು?"

"ಅದೂ ಬಂತು."

ನಂಬಿಕೆ ಬರಲಿಲ್ಲ ಅಂತ ಕಾಣ್ತದೆ. ಅಕ್ಕನಿಗೆ ಸನ್ನೆ ಮಾಡಿದರು. ಅಕ್ಕ ಬ್ಯಾಗಿನಿಂದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು. ಅದು ಅಲ್ಲಿಗೆ ಬಂದಿದೆ ಅಂತ ನನಗೂ ಗೊತ್ತಿರಲಿಲ್ಲ. ಹುಡುಗಿ ಪಾಪ ನೋಡೋಣ ಅಂತ ಮುಚ್ಚಳಕ್ಕೆ ಕೈ ಹಾಕಿ ಎಳೆದಳು. ಆ ಮುಚ್ಚಳ ಬಿಗಿ. ಅಕ್ಕನೇ ಪಕ್ಕೆಗೆ ಒತ್ತಿಕೊಂಡು ತೆಗೀತಾಳೆ. ಎಳೆದ ರಭಸಕ್ಕೆ ಅದು ಪಟ್ ಅಂತ ಬಿಟ್ಟುಕೊಂಡು ಅರ್ಧ ಡಬ್ಬಿ ಸಾಸಿವೆ ಕೀಬೋರ್ಡಿನ ಸಂದಿಗೆಲ್ಲಾ ಇಳಿಯಿತು.

ಆ ಹುಡುಗಿ ಕನ್ನಡದವಳೇ ಅಂತ ಗೊತ್ತಾಗಿದ್ದು ಆಗ. "ಅಯ್ಯೋ ಶಿವನೇ" ಅಂದಳು. ನೇರವಾಗಿ ಭಾವನನ್ನೇ ನೋಡಿ, "ಯಜಮಾನ್ರೇ, ನಿಮ್ಮ ಕಣ್ಣಿನ ವಿಷಯ ನೀವು ಹೇಳುವಾಗಲೇ ತಿಳೀತು. ಇವರು ಏನೂ ಹೇಳಲಿಲ್ಲ" ಅಂತ ನನ್ನನ್ನ ತೋರಿಸಿದಳು.

ವೀಸಾ ಬಂತು. ಭಾವ ನನ್ನ ಜೊತೆ ಮಾತಾಡೋದಕ್ಕೆ ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಬೆಂಕಿ ಪದಾರ್ಥ

ಹೊರಡೋ ಹಿಂದಿನ ದಿನ ಊರಿನವರೆಲ್ಲಾ ಮನೆಗೆ ಬಂದರು. ಬರಿಗೈಲಿ ಕಳಿಸೋದುಂಟಾ? ಒಬ್ಬೊಬ್ಬರು ಒಂದೊಂದು ಉಂಡೆ ಕೊಬ್ಬರಿ, ಒಂದಚ್ಚು ಬೆಲ್ಲ ತಂದು ಕೈಗಿಟ್ಟರು. ಬಿಳಿಗೆರೆ ಬೀಗರಂತೂ ಚೀಲದಲ್ಲೇ ತಂದಿದ್ದರು.

ನಾನು ನಡುಮನೇಲಿ ನಿಂತು ಹೇಳಿದೆ. "ವಿಮಾನದಲ್ಲಿ ಕೊಬ್ಬರಿ ಬಿಡಲ್ಲ. ಕೈಚೀಲದಲ್ಲೂ ಇಲ್ಲ, ಪೆಟ್ಟಿಗೇಲೂ ಇಲ್ಲ. ಎಣ್ಣೆ ಪದಾರ್ಥ, ಬೆಂಕಿ ಹಿಡೀತದಂತೆ."

ಬೀಗರು ತಲೆಯೆತ್ತಿ ಅಟ್ಟ ನೋಡಿದರು. ಅಟ್ಟದ ತುಂಬ ಒಡೆಸಿಟ್ಟ ಕೊಬ್ಬರಿ, ಕೆಳಗೆ ಒಲೆ ಉರೀತಿತ್ತು. "ನಮ್ಮಪ್ಪನ ಕಾಲದಿಂದ ಇದರ ಕೆಳಗೇ ಮಲಗಿ ಎದ್ದಿದೀವಿ" ಅಂದರು ಭಾವ. ತಮ್ಮನ್ನೇ ಬೈದಿದ್ದರೂ ಅವರಿಗೆ ಅಷ್ಟು ನೋವಾಗ್ತಿರಲಿಲ್ಲ.

ಅಕ್ಕ ಮಾತ್ರ ಭಾವನ ಸ್ವೆಟರ್ ಮಡಿಸ್ತಾ ಕೂತಿದ್ದಳು. ಆಗಲೇ ನಾನು ಅನುಮಾನ ಪಡಬೇಕಿತ್ತು.

ವಿಮಾನ ನಿಲ್ದಾಣದಲ್ಲಿ ಅಕ್ಕನ ಬ್ಯಾಗು ಯಂತ್ರದೊಳಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ತಪಾಸಣೆಯ ಹೆಣ್ಣುಮಗಳು ಭಾವನ ಸ್ವೆಟರ್ ತೆಗೆದು, ಅದರ ತೋಳಿನೊಳಗೆ ಕೈ ತೂರಿಸಿ ಒಂದು ಉಂಡೆ ಕೊಬ್ಬರಿ ಈಚೆಗೆಳೆದಳು.

"ಹೊಸ ಹೊಳೆ ನೋಡೋಕೆ ಹೋಗ್ತಾ ಬರಿಗೈಲಿ ಹೋಗಬಾರದು ಕಣಮ್ಮ. ಗಂಗಮ್ಮನಿಗೆ ಅಂತ ಒಂದೇ ಒಂದು" ಅಂದಳು ಅಕ್ಕ.

ಆಕೆ ಕೊಬ್ಬರೀನ ಮೂಗಿಗೆ ಹಿಡಿದಳು. ಮುಖ ಸಡಿಲವಾಯಿತು. "ನಂದೂ ತೆಂಗಿನ ಸೀಮೇನೇ, ಅಮ್ಮಸಂದ್ರ ಕಣಮ್ಮ. ಒಳ್ಳೇ ಕೊಬ್ಬರಿ. ಆದ್ರೂ ಬಿಡೋಕಾಗಲ್ಲ. ಇಲ್ಲೇ ಹಾಕಿ ಹೋಗಬೇಕು."

"ಕಸದ ಡಬ್ಬಿಗಾ?" ಅಂದರು ಭಾವ. "ಹೊಟ್ಟೇಲಿಟ್ಕಂಡು ಹೋದರೆ ಬಿಡ್ತೀಯಾ ತಾಯಿ?"

ಆಕೆ ಸ್ವಲ್ಪ ಯೋಚಿಸಿ, "ಅದಕ್ಕೆ ಕಾನೂನಿಲ್ಲ" ಅಂದಳು.

ಈಚೆ ಬಂದೆವು. ಭಾವ ಅದನ್ನ ತಳ್ಳುಗಾಡಿಯ ಕಬ್ಬಿಣಕ್ಕೆ ಫಟಾರ್ ಅಂತ ಕುಟ್ಟಿದ ಶಬ್ದಕ್ಕೆ ಬಂದೂಕು ಹಿಡಿದವರು ತಿರುಗಿ ನೋಡಿದರು. ಮೂವರೂ ಸಾಲಾಗಿ ಕೂತು ಬೆಂಕಿ ಪದಾರ್ಥ ಅಗಿದು ಮುಗಿಸಿದೆವು. ಮತ್ತೆ ತಪಾಸಣೆಗೆ ಹೋದಾಗ ಭಾವ ಆಕೆ ಮುಂದೆ ಹೊಟ್ಟೆ ತಟ್ಟಿ ತೋರಿಸಿ, "ಬೀಡಿ ಸೇದೋರನ್ನ ನನ್ನ ಪಕ್ಕ ಕೂರಿಸಬೇಡ ಅಂತ ಹೇಳಿಬುಡು" ಅಂದರು.

ಸೇತುವೆ

ಪ್ರಾಗ್‌ನಲ್ಲಿ ಮೊದಲ ಬೆಳಿಗ್ಗೆ. ಹೋಟೆಲ್ ರೂಮಿನಲ್ಲಿ ಭಾವ ಎದ್ದವರೇ ಮುಚ್ಚಳ ಕೇಳಿದರು. ಡಬ್ಬಿ ಮನೇಲಿಟ್ಟು ಮುಚ್ಚಳ ಮಾತ್ರ ತಂದಿದ್ದರು. ದೀಪದ ಕೆಳಗೆ ಹಿಡಿದು ನೋಡಿ, "ಕಾಣ್ತದೆ. ಕಾಫಿ ಕೊಡ್ಸಪ್ಪ" ಅಂದರು. ಜನ ಸೇರೋದ್ರೊಳಗೆ ಹೋಗೋಣ ಅಂತ ಬೆಳಕು ಹರಿಯುವ ಮೊದಲೇ ಹೊರಟೆವು.

ಸೇತುವೆ ಬುಡಕ್ಕೆ ಬರೋ ಹೊತ್ತಿಗೆ ಮಂಜು ಇಳಿಯಿತು. ನಮ್ಮ ಕೆರೆ ಏರಿ ಮೇಲಿನದ್ದು ಇದರ ಮುಂದೆ ಏನೂ ಅಲ್ಲ. ನಡುವಿಗೆ ಬಂದಾಗ ಹೊಳೆಯಿಲ್ಲ, ಕೋಟೆಯಿಲ್ಲ, ವಿಗ್ರಹವಿಲ್ಲ. ಕೆಳಗೆ ನೀರಿನ ಸದ್ದು ಮಾತ್ರ.

ಭಾವನ ಕೈ ನನ್ನ ತೋಳನ್ನ ಗಟ್ಟಿಯಾಗಿ ಹಿಡಿಯಿತು. ಎರಡೂ ಕಣ್ಣು ಉಜ್ಜಿಕೊಂಡರು. ಮತ್ತೆ ಉಜ್ಜಿಕೊಂಡರು.

"ಹೋಯ್ತು ಕಣಪ್ಪ" ಅಂದರು. "ಡಾಕ್ಟರು ಹೇಳಿದ್ರಲ್ಲ, ಮಂಜು ಮುಸುಕಿದಂಗೆ ಅಂತ. ಎಲ್ಲಾ ಬೆಳ್ಳಗಾಗೋಯ್ತು. ಇಲ್ಲಿಗೆ ಬಂದು ಹೋಯ್ತು ನೋಡು."

"ಭಾವ, ಇದು ನಿಜವಾದ ಮಂಜು. ನನಗೂ ಏನೂ ಕಾಣ್ತಿಲ್ಲ."

"ಸುಮ್ನಿರು. ಕಣ್ಣಿಂದು ಅಂದ್ರೆ ನೀನು ಯಾವತ್ತು ನಿಜ ಹೇಳಿದೀಯ?"

ವೀಸಾ ಕೌಂಟರಿನಲ್ಲಿ ಆಡಿದ ಸುಳ್ಳು ಅಲ್ಲಿಗೆ ಬಂದು ನನ್ನ ಬಾಯಿ ಮುಚ್ಚಿಸಿತು. ಅಕ್ಕ, "ನಂಗೂ ಕಾಣಲ್ಲ ರೀ, ನಿಮ್ಮಾಣೆ" ಅಂದಳು. "ನೀನೂ ಸಮಾಧಾನ ಹೇಳಬ್ಯಾಡ ಬುಡೇ" ಅಂದರು. ದನಿ ಒಡೆದಿತ್ತು. ಅವರು ಹಾಗೆ ಅತ್ತಿದ್ದು ನಾನು ಕಂಡಿರಲಿಲ್ಲ.

ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ನಮ್ಮಿಬ್ಬರನ್ನ ನಂಬಲ್ಲ ತಾನೇ? ಅಗೋ, ಅಲ್ಲೊಬ್ಬರು ನಿಂತವ್ರೆ. ಅವರನ್ನೇ ಕೇಳ್ತೀನಿ" ಅಂತ ಮಂಜಿನೊಳಗೆ ನಡೆದಳು. ಅಲ್ಲಿ ಯಾರೋ ಎತ್ತರದವರು ಟೋಪಿ ಹಾಕಿಕೊಂಡು ನಿಂತಂತಿತ್ತು.

"ಅಣ್ಣಾ, ನಿಮಗೆ ಹೊಳೆ ಕಾಣ್ತದಾ?" ಅಂತ ಅಚ್ಚ ಕನ್ನಡದಲ್ಲಿ ಕೇಳಿದ್ದು ನಮಗೆ ಕೇಳಿಸಿತು. ಉತ್ತರ ಇಲ್ಲ. "ನಮ್ಮೆಜಮಾನ್ರು ನಂಬ್ತಿಲ್ಲ ಕಣಣ್ಣ. ನೀವಾದ್ರೂ ಒಂದು ಮಾತು ಹೇಳಿ."

"ಏನಂದ್ರು ಅವ್ರು?" ಅಂದರು ಭಾವ, ಮೂಗು ಒರೆಸಿಕೊಳ್ಳುತ್ತಾ.

"ಮಾತಾಡ್ತಿಲ್ಲ ರೀ. ಬಲೇ ಜಂಬ."

ಭಾವನನ್ನ ನಡೆಸಿಕೊಂಡು ಹತ್ತಿರ ಹೋದೆ. ಅವರ ಕೈ ಹಿಡಿದು ಆ ದೊಡ್ಡ ಮನುಷ್ಯನ ಮೈಮೇಲೆ ಇಟ್ಟೆ. ಕಬ್ಬಿಣ. ಭಾವ ಮೇಲಿನಿಂದ ಕೆಳಗೆ ಸವರಿ ನೋಡಿದರು.

"ದೀಪದ ಕಂಬ ಏನ್ಲಾ?"

"ಹೂಂ ಭಾವ."

"ಇವಳು ಮಾತಾಡ್ಸಿದ್ದು ಇದನ್ನಾ?"

"ಇದನ್ನೇ."

ಭಾವ ಕಂಬ ಹಿಡಿದುಕೊಂಡು ನಗೋಕೆ ಶುರುಮಾಡಿದರು. ಕಣ್ಣಲ್ಲಿ ನೀರು ಇನ್ನೂ ನಿಂತಿರಲಿಲ್ಲ, ಅದರಲ್ಲೇ ನಗು. ಅಕ್ಕ ಸುಳ್ಳು ಹೇಳ್ತಿಲ್ಲ ಅನ್ನೋದಕ್ಕೆ ಅವರಿಗೆ ಇನ್ನೇನೂ ಬೇಕಿರಲಿಲ್ಲ. ನಾನು ತಿರುಗಿ ನಿಲ್ಲೋಣ ಅಂದರೆ ಅಲ್ಲಿ ಪ್ರಿಂಟರ್ ಇರಲಿಲ್ಲ.

ಕಂಬದ ಬುಡದಲ್ಲೇ ಕೂತು ಕಾದೆವು. ಬಿಸಿಲು ಏರಿದ ಹಾಗೆ ಮೊದಲು ಒಂದು ವಿಗ್ರಹದ ತಲೆ ಬಂತು, ಆಮೇಲೆ ಹೊಳೆ ಬಂತು, ಆಮೇಲೆ ಗುಡ್ಡದ ಮೇಲಿನ ಕೋಟೆ. ಭಾವ ಎದ್ದು ಕಲ್ಲಿನ ಕಟ್ಟೆಗೆ ಒರಗಿ, ಕುತ್ತಿಗೆ ಮೆಲ್ಲಗೆ ಆಚೆ ಈಚೆ ತಿರುಗಿಸುತ್ತಾ, ಉಳಿದಿದ್ದ ಆ ಬಿಲ್ಲೆಯಷ್ಟು ಕಣ್ಣಿನಲ್ಲಿ ಇಡೀ ಊರನ್ನ ತುಂಡು ತುಂಡಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಮುಚ್ಚಳ ಕೈಯಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ.

"ಸಾಕು, ಹೋಗೋಣ" ಅಂದರು ಕೊನೆಗೆ.

ಹೊರಟವರು ಒಂದು ನಿಮಿಷ ತಡೆದು, ತಾವೇ ಆ ದೀಪದ ಕಂಬದ ಮುಂದೆ ಹೋಗಿ ನಿಂತರು. ಕೈ ಮುಗಿದರು.

"ತಪ್ಪು ತಿಳ್ಕೋಬ್ಯಾಡಿ ಅಣ್ಣ" ಅಂದರು. "ನಮ್ಮನೆಯವಳಿಗೆ ಕಣ್ಣು ಸ್ವಲ್ಪ ಮಂದ."